ಬೆಳೆಯುವ ಮಗುವಿಗೆ ಕೃತಕ ಕಾಲು: ಬೆಳವಣಿಗೆ ಮುಗಿಯುವ ತನಕ ಕಾಯಬೇಕೇ, ಆಗಾಗ ಬದಲಿಸಬೇಕೇ?

ಚಳ್ಳಕೆರೆ ಕಡೆಯ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಆರೂವರೆ ವರ್ಷ. ಹುಟ್ಟುವಾಗಲೇ ಅವಳ ಎಡಗಾಲಿನಲ್ಲಿ ಫಿಬುಲಾ ಎಂಬ ಹೊರಬದಿಯ ಮೂಳೆ ಇರಲಿಲ್ಲ. ಪಾದ ಸೊಟ್ಟಗಿದ್ದು ಮೂರೇ ಬೆರಳುಗಳಿದ್ದವು, ಆ ಕಾಲು ಇನ್ನೊಂದಕ್ಕಿಂತ ಗಿಡ್ಡವೂ ಆಗಿತ್ತು. ಮಗು ದೊಡ್ಡದಾದಂತೆ ಎರಡು ಕಾಲುಗಳ ನಡುವಿನ ವ್ಯತ್ಯಾಸವೂ ಬೆಳೆಯುತ್ತ ಹೋಗುತ್ತದೆ, ಆದ್ದರಿಂದ ಪಾದವನ್ನು ಅದರ ಕೀಲಿನಲ್ಲಿಯೇ ಬಿಡಿಸಿ ತೆಗೆದು ಕೃತಕ ಕಾಲು ತೊಡಿಸುವುದು ಈ ಮಗುವಿಗೆ ಹೆಚ್ಚು ಸೂಕ್ತ ಎಂದು ಮೂಳೆ ವೈದ್ಯರು ವಿವರವಾಗಿ ತಿಳಿಸಿದ ಮೇಲೆ ನಾವು ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪಿದೆವು. ಒಂದೂವರೆ ವರ್ಷಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಕಾಲು ಬಂತು, ಅದನ್ನು ಹಾಕಿಕೊಂಡ ಮೂರನೆಯ ದಿನವೇ ಗೋಡೆ ಹಿಡಿಯದೆ ಅಂಗಳ ದಾಟಿದಳು.

ಈಗಿನದು ಅವಳ ಮೂರನೆಯ ಕಾಲು. ಶಿಬಿರವೊಂದರಲ್ಲಿ ಜನವರಿಯಲ್ಲಿ ಅಳತೆ ತೆಗೆದುಕೊಂಡು ಹೋದರು, ಕಾಲು ಕೈಗೆ ಬಂದದ್ದು ಜುಲೈನಲ್ಲಿ. ಆ ಆರು ತಿಂಗಳಲ್ಲಿ ಮಗು ಬೆಳೆದಿದ್ದಳು. ತೊಡಿಸಲು ಹೋದರೆ ಕಾಲಿನ ತುದಿ ಒಳಗೆ ಇಳಿಯುವುದಕ್ಕೇ ಕಷ್ಟಪಡುತ್ತದೆ. ಹೇಗೋ ತೊಡಿಸಿದರೆ ಸಂಜೆ ಬಿಚ್ಚುವಾಗ ಮೊಣಕಾಲ ಕೆಳಗಿನ ಮೂಳೆಯ ಮೇಲೆ ರೂಪಾಯಿ ಅಗಲದ ಕೆಂಪು ಗುರುತು ಇರುತ್ತದೆ. ಕಳೆದ ವಾರ ಅಲ್ಲಿ ಚರ್ಮ ಕಿತ್ತು ಬಂದಿದ್ದರಿಂದ ಕಾಲು ಹಾಕುವುದನ್ನು ನಿಲ್ಲಿಸಿದ್ದೇನೆ. ಅವಳು ಮನೆಯಲ್ಲಿ ಒಂಟಿ ಕಾಲಿನಲ್ಲಿ ಕುಪ್ಪಳಿಸಿಕೊಂಡು ಓಡಾಡುತ್ತಾಳೆ, ಶಾಲೆಗೆ ಅವರಪ್ಪ ಎತ್ತಿಕೊಂಡು ಹೋಗುತ್ತಾರೆ.

ಮನೆಯ ಹಿರಿಯರು ಹೇಳುವುದು ಒಂದೇ ಮಾತು: ಬೆಳೆಯುವ ಮಗುವಿಗೆ ಎಷ್ಟು ಸಲವೆಂದು ಕಾಲು ಮಾಡಿಸುತ್ತೀರಿ, ಬೆಳೆದು ನಿಂತ ಮೇಲೆ ಒಂದೇ ಸಲ ಒಳ್ಳೆಯದನ್ನು ಮಾಡಿಸಿದರಾಯಿತು, ಅಲ್ಲಿಯ ತನಕ ಊರುಗೋಲು ಸಾಕು. ಖರ್ಚು, ಓಡಾಟ, ಕೂಲಿ ತಪ್ಪುವುದು ಎಲ್ಲವನ್ನೂ ನೋಡಿದರೆ ಅವರ ಮಾತು ನನಗೂ ಒಮ್ಮೊಮ್ಮೆ ಸರಿ ಎನಿಸುತ್ತದೆ. ಇದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಬೆಂಗಳೂರಿನ ಕೃತಕ ಅಂಗ ತಜ್ಞ:

ತಾಯಿ, ಮೊದಲು ತುರ್ತಿನ ಮಾತು. ಚರ್ಮ ಕಿತ್ತಿರುವ ಜಾಗ ಪೂರ್ತಿ ಮಾಯುವ ತನಕ ಕಾಲು ತೊಡಿಸಬೇಡಿ. ನೀವು ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಗಾಯದ ಸುತ್ತ ಊತ, ಬಿಸಿ ಅಥವಾ ಕೀವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕಾಯಬೇಡಿ. ಹದಿನಾರು ಹದಿನೇಳು ವರ್ಷದವರೆಗೆ ಒಂಟಿ ಕಾಲಿನ ಮೇಲೆ ಬೆಳೆದ ಮಗುವಿಗೆ ಆಮೇಲೆ ಎಷ್ಟು ಬೆಲೆಯ ಕಾಲು ಕೊಟ್ಟರೂ ಅದು ಅವಳ ದೇಹಕ್ಕೆ ಹೊರಗಿನ ವಸ್ತುವಾಗಿಯೇ ಉಳಿಯುವ ಸಂಭವ ಹೆಚ್ಚು. ಪುಟ್ಟ ಮಗು ಕೃತಕ ಕಾಲನ್ನು ಕಲಿಯುವುದಿಲ್ಲ, ಅದರ ಮೇಲೆಯೇ ನಡಿಗೆ ಕಲಿಯುತ್ತದೆ. ಬಳಸದ ಕಾಲಿನ ತೊಡೆಯ ಸ್ನಾಯುಗಳು ಸೊರಗುತ್ತವೆ, ಸದಾ ಮಡಚಿಕೊಂಡಿರುವ ಮೊಣಕಾಲು ಪೂರ್ತಿ ನೀಳವಾಗದ ಸ್ಥಿತಿಗೆ ಬರಬಹುದು, ಸೊಂಟ ಒಂದು ಕಡೆಗೆ ವಾಲುವುದು ರೂಢಿಯಾಗುತ್ತದೆ. ಊರುಗೋಲು ಹಿಡಿದ ಮಗುವಿನ ಎರಡೂ ಕೈಗಳು ಕಟ್ಟಿಹೋಗುತ್ತವೆ ಎಂಬುದನ್ನೂ ಮರೆಯಬಾರದು.

ನಿಮ್ಮ ಮಗುವಿಗೆ ಮಾಡಿರುವುದು ಸೈಮ್ ಶಸ್ತ್ರಚಿಕಿತ್ಸೆ ಇರಬೇಕು. ಅದರಲ್ಲಿ ಹಿಮ್ಮಡಿಯ ದಪ್ಪ ಚರ್ಮವನ್ನು ಕಾಲಿನ ತುದಿಗೆ ಹೊದಿಸಿರುತ್ತಾರೆ, ಆದ್ದರಿಂದ ಆ ತುದಿ ದೇಹದ ಭಾರವನ್ನು ನೇರವಾಗಿ ಹೊರಬಲ್ಲದು. ಮೂಳೆಯನ್ನು ನಡುವೆ ಕತ್ತರಿಸದೆ ಕೀಲಿನಲ್ಲಿ ಬಿಡಿಸಿರುವುದರಿಂದ ಮೂಳೆ ಬೆಳೆಯುವ ಪದರವೂ ಉಳಿದಿದೆ. ಇದು ಮಗುವಿನ ಮಟ್ಟಿಗೆ ದೊಡ್ಡ ಅನುಕೂಲ. ತೊಂದರೆ ಏನೆಂದರೆ ತುದಿ ಸ್ವಲ್ಪ ಗುಂಡಗೆ, ಅದರ ಮೇಲಿನ ಭಾಗ ಸಣ್ಣಗೆ ಇರುತ್ತದೆ. ಮಗು ಬೆಳೆದಂತೆ ಆ ಗುಂಡು ತುದಿ, ಕೃತಕ ಕಾಲಿನಲ್ಲಿ ಅದನ್ನು ತೂರಿಸುವ ಬಟ್ಟಲಿನಂಥ ಭಾಗವಾದ ಸಾಕೆಟ್‌ನ ಕಿರಿದಾದ ಭಾಗವನ್ನು ದಾಟಲಾರದೆ ನಿಲ್ಲುತ್ತದೆ. ನೀವು ವರ್ಣಿಸಿರುವುದು ಬಹುಶಃ ಇದನ್ನೇ. ತುದಿ ತಳ ಮುಟ್ಟದಿದ್ದಾಗ ಭಾರವೆಲ್ಲ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಬೀಳುತ್ತದೆ, ಅಲ್ಲಿಯೇ ಕೆಂಪಾಗುತ್ತದೆ.

ಎಷ್ಟು ಸಲ ಬದಲಿಸಬೇಕು ಎಂಬುದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಸ್ಥೂಲ ಲೆಕ್ಕವಿದೆ. ಐದು ವರ್ಷದವರೆಗೆ ಸುಮಾರು ವರ್ಷಕ್ಕೊಮ್ಮೆ, ಆಮೇಲೆ ಹನ್ನೆರಡರವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಮೂರು ನಾಲ್ಕು ವರ್ಷಕ್ಕೊಮ್ಮೆ. ಆದರೆ ಈ ಲೆಕ್ಕ ಇಡೀ ಕಾಲನ್ನು ಹೊಸದಾಗಿ ಮಾಡುವ ಮಾತು; ನಡುನಡುವೆ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿ ಸರಿಪಡಿಸಿಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಮೂರು ವರ್ಷ ದಾಟಿದ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಎತ್ತರವಾಗುತ್ತದೆ, ಅದರಲ್ಲಿ ಒಳ್ಳೆಯ ಪಾಲು ಕಾಲಿನಲ್ಲಿಯೇ ಆಗುತ್ತದೆ. ಒಳ್ಳೆಯ ಕಾಲು ಬೆಳೆಯುತ್ತದೆ, ಕೃತಕ ಕಾಲು ಬೆಳೆಯುವುದಿಲ್ಲ.

ಬೆಳವಣಿಗೆಗೆ ಅವಕಾಶ ಇಟ್ಟು ಮಾಡುವ ವಿಧಾನಗಳಿವೆ. ಸಾಕೆಟ್ಟನ್ನು ದಪ್ಪ ಕಾಲುಚೀಲದ ಮೇಲೆ ಅಳತೆ ಮಾಡಿ, ಮಗು ದಪ್ಪವಾದಂತೆ ತೆಳುವಾದ ಚೀಲಕ್ಕೆ ಇಳಿಯುತ್ತ ಹೋಗಬಹುದು. ಒಳಗೆ ಮೆತ್ತನೆಯ ಪದರಗಳನ್ನಿಟ್ಟು, ಈರುಳ್ಳಿ ಸುಲಿದಂತೆ ಒಂದೊಂದಾಗಿ ತೆಗೆಯಬಹುದು. ತಳದಲ್ಲಿ ಪ್ಯಾಡ್ ಇಟ್ಟು ನಂತರ ಅದನ್ನು ತೆಳುವಾಗಿಸಬಹುದು. ಮೊಣಕಾಲ ಕೆಳಗೆ ಸಾಕಷ್ಟು ಜಾಗವಿರುವ ಮಕ್ಕಳಿಗೆ ಸಾಕೆಟ್ಟಿಗೂ ಪಾದಕ್ಕೂ ನಡುವಿನ ಪೈಪನ್ನು ಬದಲಿಸಿ ಎತ್ತರ ಹೆಚ್ಚಿಸಬಹುದು. ನಿಮ್ಮ ಮಗುವಿನ ಕಾಲು ಉದ್ದವಾಗಿ ಉಳಿದಿರುವುದರಿಂದ ಈ ಕೊನೆಯ ಉಪಾಯಕ್ಕೆ ಸದ್ಯ ಜಾಗ ಸಾಲದಿರಬಹುದು, ಆಗ ಪಾದದ ಮೇಲೆಯೇ ಪದರ ಸೇರಿಸುತ್ತೇವೆ.

ಒಂದು ಕಡೆ ಮಾತ್ರ ತಪ್ಪಬೇಡಿ. ಶಾಲೆಯ ಯೂನಿಫಾರ್ಮ್ ಹೊಲಿಸುವಾಗ ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದು ಹೇಳುತ್ತೇವಲ್ಲ, ಸಾಕೆಟ್‌ಗೆ ಹಾಗೆ ಹೇಳಬಾರದು. ಸಡಿಲ ಸಾಕೆಟ್ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಜಾರುತ್ತದೆ, ಆ ಉಜ್ಜುವಿಕೆಯಿಂದ ಆಗುವ ಗಾಯ ಬಿಗಿಯಿಂದ ಆಗುವ ಗಾಯಕ್ಕಿಂತ ಕಡಿಮೆಯೇನಲ್ಲ.

ಹಾವೇರಿಯ ತಂದೆ:

ನಮ್ಮ ಮಗನದು ಬೇರೆ ತೊಂದರೆ, ಆದರೂ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಿಕೊಂಡರೆ ಬೇರೆಯವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಅವನು ಎರಡೂ ಪಾದಗಳು ಒಳಕ್ಕೆ ತಿರುಚಿದ ಸ್ಥಿತಿಯಲ್ಲಿ ಹುಟ್ಟಿದ. ಕ್ಲಬ್‌ಫುಟ್ ಎಂದರು. ವಾರಕ್ಕೊಮ್ಮೆ ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿ, ಮತ್ತೆ ಪ್ಲಾಸ್ಟರ್ ಹಾಕುವ ಪೊನ್ಸೆಟಿ ಪದ್ಧತಿಯಲ್ಲಿ ಆರು ಪ್ಲಾಸ್ಟರ್‌ಗಳಾದವು. ಆಮೇಲೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣದೊಂದು ಕೊಯ್ತ ಹಾಕಿ ಕೊನೆಯ ಪ್ಲಾಸ್ಟರನ್ನು ಮೂರು ವಾರ ಇಟ್ಟರು. ಅದನ್ನು ಬಿಚ್ಚಿದಾಗ ಪಾದಗಳು ಎಷ್ಟು ಚೆನ್ನಾಗಿದ್ದವೆಂದರೆ ನನ್ನ ತಾಯಿ ಮಗುವಿನ ಅಂಗಾಲುಗಳನ್ನು ಕಣ್ಣಿಗೊತ್ತಿಕೊಂಡರು.

ಆಗ ಕೊಟ್ಟದ್ದು ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಬ್ರೇಸ್. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಮತ್ತು ಹಗಲಿನ ನಿದ್ದೆಯ ಹೊತ್ತಿಗೆ ಹಾಕಬೇಕು ಎಂದು ಹೇಳಿ ಕಳುಹಿಸಿದರು. ಒಂದು ವರ್ಷ ಹಾಕಿದೆವು. ಹದಿನಾಲ್ಕು ತಿಂಗಳಿಗೆ ಮಗು ಓಡತೊಡಗಿದ, ರಾತ್ರಿ ಬ್ರೇಸ್ ಹಾಕಿದರೆ ಅಳುತ್ತಿದ್ದ. ಪಾದ ಸರಿಯಾಗಿದೆಯಲ್ಲ, ಇನ್ನೇಕೆ ಹಿಂಸೆ ಎಂದು ಬಿಟ್ಟುಬಿಟ್ಟೆವು. ಎರಡೂವರೆ ವರ್ಷಕ್ಕೆ ಬಲಗಾಲಿನ ಹೊರ ಅಂಚಿನ ಮೇಲೆ ನಡೆಯಲು ಶುರುಮಾಡಿದ. ಮತ್ತೆ ಪ್ಲಾಸ್ಟರ್, ಮತ್ತೆ ಓಡಾಟ.

ಎರಡನೆಯ ಸಲ ಹೋದಾಗ ತಿಳಿದದ್ದು, ಅವನು ಅತ್ತದ್ದು ಸುಮ್ಮನಲ್ಲ. ಬೂಟು ಎರಡು ಅಳತೆಯಷ್ಟು ಚಿಕ್ಕದಾಗಿತ್ತು, ಬೆರಳುಗಳು ಮುಂದಿನ ಅಂಚಿನಾಚೆ ಮಡಚಿಕೊಂಡಿದ್ದವು, ನಡುವಿನ ಪಟ್ಟಿಯ ಉದ್ದ ಅವನ ಹೆಗಲಿನ ಅಗಲಕ್ಕೆ ಸರಿಹೊಂದುತ್ತಿರಲಿಲ್ಲ. ಆ ಬೂಟಿನ ಹಿಮ್ಮಡಿಯ ಬಳಿ ಒಂದು ಸಣ್ಣ ರಂಧ್ರವಿರುತ್ತದೆ. ಅದರೊಳಗೆ ನೋಡಿದರೆ ಹಿಮ್ಮಡಿ ತಳಕ್ಕೆ ಕೂತಿದೆಯೋ ಮೇಲೆದ್ದಿದೆಯೋ ಕಾಣುತ್ತದೆ. ಒಂದು ವರ್ಷ ಪ್ರತಿ ರಾತ್ರಿ ಆ ಬೂಟು ಕಟ್ಟಿದ ನಾನು ಒಂದು ದಿನವೂ ಅದರೊಳಗೆ ನೋಡಿರಲಿಲ್ಲ. ಈಗ ಅವನಿಗೆ ನಾಲ್ಕು ವರ್ಷ ದಾಟಿದೆ, ರಾತ್ರಿ ಅವನೇ ಬೂಟು ತಂದು ಕೊಡುತ್ತಾನೆ.

ಚಳ್ಳಕೆರೆ ಕಡೆಯ ತಾಯಿ:

ಅಣ್ಣಾ, ನೀವು ಬರೆದದ್ದನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸರ್, ನಿಮ್ಮ ವಿವರಣೆಯಿಂದ ತುದಿ ಏಕೆ ಇಳಿಯುತ್ತಿಲ್ಲ ಎಂಬುದು ಅರ್ಥವಾಯಿತು. ಆದರೆ ಒಂದು ಭಯ ಉಳಿದಿದೆ. ಸರ್ಕಾರದಿಂದ ಒಮ್ಮೆ ಕಾಲು ಪಡೆದರೆ ಮೂರು ವರ್ಷ ಮತ್ತೆ ಕೊಡುವುದಿಲ್ಲ ಎಂದು ಶಿಬಿರದಲ್ಲಿ ಹೇಳಿದ್ದರು. ಸ್ವಂತ ಖರ್ಚಿನಲ್ಲಿ ಮಾಡಿಸುವ ಶಕ್ತಿ ಈಗ ನಮಗಿಲ್ಲ.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ತುಮಕೂರು ಜಿಲ್ಲೆ:

ಅಕ್ಕಾ, ಆ ಮೂರು ವರ್ಷದ ಮಾತು ದೊಡ್ಡವರಿಗೆ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ. ಅದರ ನಿಯಮದಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದೇ ವರ್ಷ ಎಂದು ಬರೆದಿದೆ. ಇದು ಎಷ್ಟೋ ತಂದೆತಾಯಿಯರಿಗೆ ಗೊತ್ತಿಲ್ಲ, ಹೇಳಬೇಕಾದವರು ಹೇಳುವುದೂ ಇಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ. ಮಗುವಿನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಧಾರ್, ಆದಾಯ ಪ್ರಮಾಣಪತ್ರ, ವೈದ್ಯರ ಚೀಟಿ, ಭಾವಚಿತ್ರಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಹಿಂದಿನ ಕಾಲು ಸಿಕ್ಕ ದಿನಾಂಕವನ್ನೂ ಬರೆದಿಡಿ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ನನ್ನಂತೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಅವರ ಮೂಲಕ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ಅಳತೆ ಕೊಟ್ಟು ತಿಂಗಳುಗಟ್ಟಲೆ ಕಾಯುವ ಶಿಬಿರಕ್ಕಿಂತ, ಅಲ್ಲಿಯೇ ಅಳತೆ ತೆಗೆದು ಅಲ್ಲಿಯೇ ತಯಾರಿಸಿ ತೊಡಿಸಿ ನೋಡುವ ಕೇಂದ್ರಕ್ಕೆ ಹೋಗುವುದು ಮಕ್ಕಳ ವಿಷಯದಲ್ಲಿ ಒಳ್ಳೆಯದು. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾದಂಥ ಸ್ವಯಂಸೇವಾ ಸಂಸ್ಥೆಗಳನ್ನೂ ವಿಚಾರಿಸಬಹುದು. ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೂ ಮಗುವನ್ನು ತೋರಿಸಿ.

ಕುಂದಾಪುರದ ಓದುಗ, 27 ವರ್ಷ:

ನಾನು ಏಳನೆಯ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡವನು. ಹದಿನೆಂಟು ತುಂಬುವಷ್ಟರಲ್ಲಿ ಏಳು ಕಾಲುಗಳನ್ನು ಬದಲಿಸಿದ್ದೇನೆ. ನಮ್ಮ ಮನೆಯ ಅಟ್ಟದಲ್ಲಿ ಅವೆಲ್ಲವನ್ನೂ ಅಮ್ಮ ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಕಳೆದ ವರ್ಷ ಮನೆ ರಿಪೇರಿ ಮಾಡುವಾಗ ಕೆಳಗಿಳಿಸಿ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದೆವು. ಮೊದಲನೆಯದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವೂ ಇಲ್ಲ, ಅದರ ಪಾದ ನನ್ನ ಅಂಗೈಯಲ್ಲಿ ಕೂರುತ್ತದೆ. ಒಳಗಿನ ಚರ್ಮದ ಪಟ್ಟಿಯ ಮೇಲೆ ಮೂರು ತೂತುಗಳ ಪಕ್ಕ ಅಪ್ಪ ಮೊಳೆಯಿಂದ ಚುಚ್ಚಿದ ನಾಲ್ಕನೆಯ ತೂತು ಇನ್ನೂ ಹಾಗೆಯೇ ಇದೆ. ಅವುಗಳಲ್ಲಿ ಯಾವೊಂದು ಇಲ್ಲದಿದ್ದರೂ ನಾನು ಮುಂದಿನದರ ಮೇಲೆ ನಡೆಯುತ್ತಿರಲಿಲ್ಲ ಎಂದು ಆ ದಿನ ನನಗೆ ಅನಿಸಿತು.

ನನ್ನ ಪರಿಸ್ಥಿತಿ ನಿಮ್ಮ ಮಗಳಿಗಿಂತ ಕಷ್ಟದ್ದಾಗಿತ್ತು. ಮೂಳೆಯನ್ನು ನಡುವೆ ಕತ್ತರಿಸಿದ್ದರಿಂದ ಅದರ ತುದಿ ಸೀಸದಕಡ್ಡಿಯ ಹಾಗೆ ಮೊನಚಾಗಿ ಬೆಳೆದು ಚರ್ಮವನ್ನು ಒಳಗಿನಿಂದ ಒತ್ತುತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ, ಹನ್ನೆರಡರಲ್ಲಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಸರಿಪಡಿಸಿದರು. ಮಕ್ಕಳಲ್ಲಿ ಇದು ತಿಳಿದಿರುವ ತೊಂದರೆಯೇ, ಬೆಳವಣಿಗೆ ಮುಗಿದ ಮೇಲೆ ನಿಲ್ಲುತ್ತದೆ. ಕಾಲು ನೋಯುತ್ತಿದೆ ಎಂದು ಮಗು ಹೇಳಿದಾಗ ಅದು ಸಾಕೆಟ್‌ನ ದೋಷವೋ ಮೂಳೆಯದೋ ಎಂದು ನೋಡಿ ಹೇಳುವವರು ಬೇಕು.

ಪಾದದ ಬಗ್ಗೆಯೂ ಒಂದು ಮಾತು. ನಾವು ಮನೆಯೊಳಗೆ, ದೇವಸ್ಥಾನದಲ್ಲಿ ಬರಿಗಾಲಿನಲ್ಲಿ ನಡೆಯುವವರು, ನೆಲದ ಮೇಲೆ ಕೂರುವವರು. ಬೂಟಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿ ಮಾಡಿದ ಪಾದದಲ್ಲಿ ಬೂಟು ಬಿಚ್ಚಿದ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. 1968ರ ಸುಮಾರಿಗೆ ಜೈಪುರದ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಅವರು ರೂಪಿಸಿದ ಜೈಪುರ ಪಾದ ಬರಿಗಾಲಿನ ನಡಿಗೆಗೆ, ಕುಕ್ಕರಗಾಲಿನಲ್ಲಿ ಕೂರುವುದಕ್ಕೆ ಒಗ್ಗುವಂತೆ ಇದೆ. ಗದ್ದೆಯ ಬದುವಿನ ಮೇಲೆ ಓಡಾಡುತ್ತಿದ್ದ ನನಗೆ ಆ ವಯಸ್ಸಿನಲ್ಲಿ ಅದೇ ಅನುಕೂಲವಾಯಿತು.

ಪುತ್ತೂರಿನ ತಾಯಿ:

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳು ಬಿಗಿಯುವ ಸ್ಥಿತಿ ಇದೆ, ಎರಡೂ ಕಾಲಿಗೆ ಕಣಕಾಲು ಮತ್ತು ಪಾದವನ್ನು ಹಿಡಿದಿಡುವ ಆಸರೆಯಾದ ಎಎಫ್‌ಓ ಹಾಕುತ್ತೇವೆ. ಈ ಮಕ್ಕಳಲ್ಲಿ ಮೂಳೆ ಬೆಳೆಯುವ ವೇಗಕ್ಕೆ ಬಿಗಿದ ಸ್ನಾಯು ಉದ್ದವಾಗುವುದಿಲ್ಲ; ಆದ್ದರಿಂದ ಎತ್ತರ ಒಮ್ಮೆಲೇ ಹೆಚ್ಚಿದಾಗ ತುದಿಗಾಲಿನ ನಡಿಗೆ ಮರಳಿ ಬರುತ್ತದೆ. ನಮಗೆ ಕಲಿಸಿಕೊಟ್ಟದ್ದು ಇಷ್ಟು: ಬಿಚ್ಚಿದ ಮೇಲೆ ಕೆಂಪು ಗುರುತು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮಾಸಬೇಕು, ಮಾಸದಿದ್ದರೆ ತೋರಿಸಬೇಕು. ಬೆರಳ ತುದಿ ಪಾದದ ಕೆಳಗಿನ ತಟ್ಟೆಯ ಅಂಚನ್ನು ದಾಟಿದರೆ, ಮೀನಖಂಡದ ಪಟ್ಟಿ ಮುಚ್ಚದಿದ್ದರೆ ಹೊಸ ಅಳತೆ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಅವನ ಬರಿಗಾಲನ್ನು ಒಂದೇ ನೋಟ್‌ಬುಕ್ಕಿನಲ್ಲಿ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು ದಿನಾಂಕ ಬರೆಯುತ್ತೇನೆ. ಕಳೆದ ಸಲ ಅಳತೆಗೆ ಹೋದಾಗ ಆ ಪುಸ್ತಕ ನೋಡಿದ ತಜ್ಞರು ಮರುಮಾತಿಲ್ಲದೆ ಹೊಸ ಮೋಲ್ಡ್ ತೆಗೆದರು.

ನಮ್ಮ ಕಡೆಯ ಸೆಕೆಯಲ್ಲಿ ಬೆವರುಸಾಲೆಯೂ ದೊಡ್ಡ ಕಾಟ. ಒಳಗೆ ಹತ್ತಿಯ ಕಾಲುಚೀಲ ಹಾಕಿ, ಮಧ್ಯಾಹ್ನ ಒಮ್ಮೆ ಬದಲಿಸುತ್ತೇವೆ.

ಯಾದಗಿರಿ ಜಿಲ್ಲೆಯ ಶಿಕ್ಷಕಿ:

ಶಾಲೆಯ ಕಡೆಯಿಂದ ಒಂದು ಮಾತು. ನನ್ನ ತರಗತಿಯಲ್ಲಿ ಕೃತಕ ಕಾಲಿನ ಹುಡುಗನೊಬ್ಬ ಎರಡು ವರ್ಷ ಇದ್ದ. ಮಧ್ಯಾಹ್ನ ಊಟದ ನಂತರ ಕಾಲುಚೀಲ ಬದಲಿಸಿಕೊಳ್ಳಲು ಅವನಿಗೆ ಶಿಕ್ಷಕರ ಕೊಠಡಿಯಲ್ಲಿ ಒಂದು ಕುರ್ಚಿ ಕೊಟ್ಟಿದ್ದೆವು, ಅಷ್ಟೇ. ನೋವಾದರೆ ಮಕ್ಕಳು ಮನೆಯಲ್ಲಿ ಮುಚ್ಚಿಡುತ್ತಾರೆ, ಆಟಕ್ಕೆ ಬಿಡುವುದಿಲ್ಲ ಎಂಬ ಹೆದರಿಕೆ ಅವರಿಗೆ. ಅವನು ಕುಂಟುವುದು ಹೆಚ್ಚಾದದ್ದನ್ನು ಮೊದಲು ಕಂಡವಳು ನಾನು, ಏಕೆಂದರೆ ಪ್ರಾರ್ಥನೆಯ ಸಾಲಿನಲ್ಲಿ ಅವನ ಒಂದು ಹೆಗಲು ಕೆಳಗಿರುತ್ತಿತ್ತು. ನಿಮ್ಮ ಮಗಳ ಶಿಕ್ಷಕರಿಗೆ ಕಾಲು ಹೇಗೆ ಬಿಚ್ಚುವುದು, ಹೇಗೆ ಹಾಕುವುದು ಎಂದು ಒಮ್ಮೆ ತೋರಿಸಿ ಬನ್ನಿ.

ಚಳ್ಳಕೆರೆ ಕಡೆಯ ತಾಯಿ (ಏಳು ವಾರಗಳ ನಂತರ):

ಎಲ್ಲರಿಗೂ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಗಾಯ ಮಾಯ್ದಿದೆ. ನಮ್ಮ ವಿಆರ್‌ಡಬ್ಲ್ಯೂ ಜೊತೆಗೆ ಬಂದು ಅರ್ಜಿ ಕೊಡಿಸಿದರು; ಹೊಸ ಕಾಲಿಗೆ ಒಂದು ವರ್ಷ ತುಂಬಬೇಕು, ಆದರೆ ಅಲ್ಲಿಯವರೆಗೆ ಈಗಿನದನ್ನೇ ಸರಿಪಡಿಸಿಕೊಡುವ ಒಂದು ಕೇಂದ್ರಕ್ಕೆ ನಮ್ಮನ್ನು ಕಳುಹಿಸಿದರು. ಅಲ್ಲಿ ಸಾಕೆಟ್‌ನ ಕಿರಿದಾದ ಭಾಗವನ್ನು ಬಿಸಿ ಮಾಡಿ ಅಗಲಿಸಿದರು, ಒಳಗಿನ ಮೆತ್ತೆಯನ್ನು ಪಕ್ಕದಲ್ಲಿ ಸೀಳಿ ತುದಿ ಸುಲಭವಾಗಿ ಇಳಿಯುವಂತೆ ಮಾಡಿದರು, ಪಾದದ ಕೆಳಗೆ ಒಂದು ಸೆಂಟಿಮೀಟರ್ ಪದರ ಸೇರಿಸಿದರು. ಅವಳನ್ನು ನಿಲ್ಲಿಸಿ ಸೊಂಟದ ಎರಡೂ ಮೂಳೆಗಳ ಮೇಲೆ ಕೈಯಿಟ್ಟು ಸಮನಾಗಿದೆಯೇ ಎಂದು ನೋಡುವುದನ್ನು ನನಗೂ ಕಲಿಸಿದರು. ಸಂಜೆ ಬಸ್‌ನಿಲ್ದಾಣದವರೆಗೆ ಅವಳೇ ನಡೆದು ಬಂದಳು. ಮುಂದಿನ ತಪಾಸಣೆ ದಸರಾ ರಜೆಯಲ್ಲಿ.

ಸರ್, ಒಂದು ಸಂದೇಹ. ದಪ್ಪದ್ದು ಒಂದು, ತೆಳುವಾದವು ಎರಡು, ಒಟ್ಟು ಮೂರು ಕಾಲುಚೀಲ ಕೊಟ್ಟಿದ್ದಾರೆ. ಬೆಳಿಗ್ಗೆ ದಪ್ಪದ್ದು ಹಾಕಿದರೆ ಬಿಗಿ ಎನ್ನುತ್ತಾಳೆ, ತೆಳುವಾದದ್ದು ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಟಕ್ ಟಕ್ ಎಂದು ಸದ್ದಾಗುತ್ತದೆ. ಯಾವುದನ್ನು ಹಾಕಲಿ?

ಬೆಂಗಳೂರಿನ ಕೃತಕ ಅಂಗ ತಜ್ಞ:

ಎರಡೂ ಸರಿಯೇ, ಹೊತ್ತು ಬೇರೆ. ಕೃತಕ ಕಾಲನ್ನು ರಾತ್ರಿಯೆಲ್ಲ ಬಿಚ್ಚಿಟ್ಟಿರುವುದರಿಂದ ಅವಳ ಸ್ವಂತ ಕಾಲು ಬೆಳಿಗ್ಗೆ ಸ್ವಲ್ಪ ತುಂಬಿಕೊಂಡಿರುತ್ತದೆ, ಓಡಾಡಿದಂತೆ ಇಳಿಯುತ್ತದೆ. ಬೆಳಿಗ್ಗೆ ಒಂದು ತೆಳು ಚೀಲ ಹಾಕಿ ಕಳುಹಿಸಿ. ಇನ್ನೊಂದು ತೆಳುವಾದದ್ದನ್ನು ಬ್ಯಾಗಿನಲ್ಲಿಡಿ, ಊಟದ ನಂತರ ಅದನ್ನು ಮೇಲಿನಿಂದ ಹಾಕಿಕೊಳ್ಳಲಿ. ಸುಕ್ಕು ಬೀಳದಂತೆ ಎಳೆದುಕೊಳ್ಳುವುದನ್ನು ಅವಳಿಗೇ ಕಲಿಸಿ, ಆರೂವರೆ ವರ್ಷದ ಮಗು ಕಲಿಯುತ್ತದೆ. ಅವಳ ಕಾಲಿನ ತುದಿಯನ್ನು ಸಂಜೆಯೇ ಸೋಪಿನಿಂದ ತೊಳೆದು ಒರೆಸಿ, ಬೆಳಿಗ್ಗೆ ತೊಳೆದು ಹಸಿ ಚರ್ಮದ ಮೇಲೆ ಚೀಲ ಹಾಕಬೇಡಿ. ಮಧ್ಯಾಹ್ನವೂ ಒಂದೇ ತೆಳು ಚೀಲ ಸಾಕಾಗುವ ದಿನ ಬಂತೆಂದರೆ ಅವಳು ಮತ್ತೆ ಬೆಳೆದಿದ್ದಾಳೆ. ದಸರಾ ರಜೆಗೆ ಕಾಯದೆ ಕರೆದುಕೊಂಡು ಹೋಗಿ.